ತರಕಾರಿಯ ರಸವೋ, ಶೇಂಗಾಕಾಳೋ? – ಎರಡರ ಪೋಷಕ ಮೌಲ್ಯದ ಹೋಲಿಕೆ

ಮನೆಯಲ್ಲಿ ಸೊಸೆಯು ಗರ್ಭಿಣಿಯಾಗಿದ್ದಾಳೆಂಬ ಸುದ್ದಿ ತಿಳಿದೊಡನೆ, ಆಕೆಗೆ ಏನನ್ನು ತಿನ್ನಿಸಬೇಕು, ಏನನ್ನು ಕುಡಿಸಬೇಕು ಎಂಬ ಯೋಚನೆ ಹಿರಿಯರಲ್ಲಿಯೂ ಗಂಡನಲ್ಲಿಯೂ ಹುಟ್ಟುವುದು ಸಹಜ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ವಳಕಮದಿನ್ನಿ ಮೊದಲಾದ ಗ್ರಾಮಗಳ ದಂಪತಿಗಳು ವೈದ್ಯರನ್ನು ಕಾಣಬಂದಾಗ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಡಾಕ್ಟರ್ ಸಾಹೇಬ್ರ, ಈಕಿಗೆ ರಗತ ಕಡಿಮಿ ಐತಿ ಅಂದ್ರಿ. ಬೀಟ್‌ರೂಟ್ ರಸ ಕುಡಿಸಬೇಕೇನ್ರಿ, ಬದಾಮಿ ತಂದು ಕೊಡಬೇಕೇನ್ರಿ?"

ಪ್ರಶ್ನೆ ಒಳ್ಳೆಯದೇ. ಹೆಂಡತಿಯ ಆರೋಗ್ಯದ ಬಗ್ಗೆ ಗಂಡನಿಗಿರುವ ಕಾಳಜಿ ಅದರಲ್ಲಿ ವ್ಯಕ್ತವಾಗುತ್ತದೆ. ಆದರೆ ಕಾಳಜಿಯ ಜೊತೆಗೆ ತಿಳಿವಳಿಕೆಯೂ ಇಲ್ಲದಿದ್ದಲ್ಲಿ, ಕೂಲಿಯ ಹಣವು ಸಂತೆಯಲ್ಲಿ ವ್ಯರ್ಥವಾಗಿ ಖರ್ಚಾಗುತ್ತದೆ. ಗರ್ಭಿಣಿಗೆ ದೊರೆಯಬೇಕಾದ ಪೋಷಣೆ ದೊರೆಯದೆ ಹೋಗುತ್ತದೆ. ಆದುದರಿಂದ ತರಕಾರಿಯ ರಸದಲ್ಲಿ ಏನಿದೆ, ಶೇಂಗಾ ಮೊದಲಾದ ಬೀಜಗಳಲ್ಲಿ ಏನಿದೆ, ಯಾವುದನ್ನು ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಆಹಾರ ಮಾಡುವ ಮೂರು ಕೆಲಸಗಳು

ನಾವು ಉಣ್ಣುವ ಆಹಾರವು ದೇಹದಲ್ಲಿ ಮುಖ್ಯವಾಗಿ ಮೂರು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು, ದುಡಿಯಲು ಬೇಕಾದ ಶಕ್ತಿಯನ್ನು ಒದಗಿಸುವುದು. ಜೋಳ, ಅಕ್ಕಿ, ಸಜ್ಜೆ, ಬೆಲ್ಲ, ಎಣ್ಣೆ ಇವು ಶಕ್ತಿದಾಯಕ ಆಹಾರಗಳು. ಈ ಶಕ್ತಿಯನ್ನು ಕ್ಯಾಲೊರಿ ಎಂಬ ಮಾನದಿಂದ ಅಳೆಯುತ್ತಾರೆ. ಎರಡನೆಯದು, ಮೈಯನ್ನು ಬೆಳೆಸುವುದು ಹಾಗೂ ಸವೆದುದನ್ನು ತುಂಬಿಕೊಡುವುದು. ಇದಕ್ಕೆ ಸಸಾರಜನಕ ಬೇಕು. ಬೇಳೆ, ಕಾಳು, ಹಾಲು, ಮೊಟ್ಟೆ, ಮೀನು, ಮಾಂಸ ಮತ್ತು ಶೇಂಗಾ ಇದನ್ನು ಒದಗಿಸುತ್ತವೆ. ಮೂರನೆಯದು, ದೇಹವನ್ನು ರೋಗಗಳಿಂದ ಕಾಪಾಡುವುದು. ಈ ಕೆಲಸವನ್ನು ಸೊಪ್ಪು, ತರಕಾರಿ ಮತ್ತು ಹಣ್ಣುಗಳಲ್ಲಿ ಹೇರಳವಾಗಿರುವ ಜೀವಸತ್ತ್ವಗಳು ಮತ್ತು ಖನಿಜಾಂಶಗಳು ಮಾಡುತ್ತವೆ.

ಮನೆ ಕಟ್ಟುವವನಿಗೆ ಕಲ್ಲು, ಗಾರೆ, ಕಟ್ಟಿಗೆ ಮೂರೂ ಬೇಕು. ಕಲ್ಲು ಎಷ್ಟೇ ಇದ್ದರೂ ಅದು ಕಟ್ಟಿಗೆಯ ಕೆಲಸವನ್ನು ಮಾಡಲಾರದು. ಹಾಗೆಯೇ ಒಂದು ಬಗೆಯ ಆಹಾರವು ಇನ್ನೊಂದರ ಸ್ಥಾನವನ್ನು ತುಂಬಲಾರದು. ರಸ ಮತ್ತು ಶೇಂಗಾಗಳ ಹೋಲಿಕೆಯನ್ನು ಮಾಡುವಾಗ ಈ ಮಾತನ್ನು ಮರೆಯಬಾರದು.

2. ತರಕಾರಿಯ ರಸದಲ್ಲಿ ಏನಿದೆ?

ತರಕಾರಿಯನ್ನು ಅರೆದು, ಹಿಂಡಿ, ಬಟ್ಟೆಯಲ್ಲಿ ಸೋಸಿದಾಗ ದೊರೆಯುವ ರಸದಲ್ಲಿ ಬಹುಭಾಗ ನೀರೇ ಆಗಿರುತ್ತದೆ. ಅದರೊಡನೆ ಸ್ವಲ್ಪ ಸಕ್ಕರೆ, ಕೆಲವು ಜೀವಸತ್ತ್ವಗಳು ಮತ್ತು ಖನಿಜಾಂಶಗಳು ಬರುತ್ತವೆ. 100 ಗ್ರಾಂ ಗಜ್ಜರಿ ರಸದಲ್ಲಿ ಸುಮಾರು 40 ಕ್ಯಾಲೊರಿಯಷ್ಟು ಶಕ್ತಿ ಮತ್ತು ಸುಮಾರು 1 ಗ್ರಾಂ ಸಸಾರಜನಕ ಮಾತ್ರ ಇರುತ್ತದೆ. ಟೊಮ್ಯಾಟೊ ರಸದಲ್ಲಿ ಶಕ್ತಿ ಇನ್ನೂ ಕಡಿಮೆ. 100 ಗ್ರಾಂಗೆ ಸುಮಾರು 17 ರಿಂದ 20 ಕ್ಯಾಲೊರಿ. ಕೊಬ್ಬು ಎರಡರಲ್ಲಿಯೂ ಇಲ್ಲವೆನ್ನುವಷ್ಟು ಸ್ವಲ್ಪ.

ಹಾಗೆಂದು ರಸವನ್ನು ನಿಷ್ಪ್ರಯೋಜಕವೆಂದು ತಿಳಿಯಬಾರದು. ಗಜ್ಜರಿಯ ಕೆಂಪು-ಹಳದಿ ಬಣ್ಣಕ್ಕೆ ಕಾರಣವಾದ ಕ್ಯಾರೊಟೀನ್ ಎಂಬ ವಸ್ತುವು ದೇಹದಲ್ಲಿ 'ಎ' ಜೀವಸತ್ತ್ವವಾಗಿ ಮಾರ್ಪಡುತ್ತದೆ. ಈ ಜೀವಸತ್ತ್ವದ ಕೊರತೆಯಾದಲ್ಲಿ ಇರುಳುಗಣ್ಣು ಬರುತ್ತದೆ; ಮಕ್ಕಳಲ್ಲಿ ಕಣ್ಣಿನ ಕರಿಗುಡ್ಡೆಯೇ ಹಾಳಾಗಿ ಶಾಶ್ವತ ಕುರುಡು ಉಂಟಾಗಬಹುದು. ಟೊಮ್ಯಾಟೊ, ನಿಂಬೆ, ನೆಲ್ಲಿಗಳಲ್ಲಿರುವ 'ಸಿ' ಜೀವಸತ್ತ್ವವು ಒಸಡುಗಳನ್ನು ಗಟ್ಟಿಯಾಗಿರಿಸುತ್ತದೆ ಮತ್ತು ಆಹಾರದಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ.

ರಸ ತೆಗೆಯುವಲ್ಲಿ ಎರಡು ನಷ್ಟಗಳಿವೆ. ಒಂದು, ತರಕಾರಿಯ ನಾರು ಚರಟದಲ್ಲಿಯೇ ಉಳಿದುಹೋಗುತ್ತದೆ. ಗರ್ಭಿಣಿಯರನ್ನು ಸಾಮಾನ್ಯವಾಗಿ ಕಾಡುವ ಮಲಬದ್ಧತೆಗೆ ಈ ನಾರೇ ಸುಲಭವಾದ ಪರಿಹಾರ. ಅದನ್ನು ನಾವೇ ಸೋಸಿ ತಿಪ್ಪೆಗೆ ಚೆಲ್ಲುತ್ತೇವೆ. ಎರಡು, ಒಂದು ಲೋಟ ಗಜ್ಜರಿ ರಸಕ್ಕೆ ಸುಮಾರು ಅರ್ಧ ಕಿಲೋ ಗಜ್ಜರಿ ಬೇಕಾಗುತ್ತದೆ. ಅದೇ ಅರ್ಧ ಕಿಲೋ ಗಜ್ಜರಿಯನ್ನು ಪಲ್ಯ ಮಾಡಿದರೆ ಅಥವಾ ಹಸಿಯಾಗಿ ಹೆಚ್ಚಿ ರೊಟ್ಟಿಯ ಜೊತೆಗೆ ಇಟ್ಟರೆ, ಮನೆಯ ನಾಲ್ಕೈದು ಜನರ ಒಂದು ಹೊತ್ತಿನ ಊಟಕ್ಕೆ ಸಾಕಾಗುತ್ತದೆ.

3. ಶೇಂಗಾದಲ್ಲಿ ಏನಿದೆ?

ಶೇಂಗಾ ನೆಲದೊಳಗೆ ಕಾಯಿ ಬಿಡುವ ಬೆಳೆ. ಸಸ್ಯಶಾಸ್ತ್ರದ ಪ್ರಕಾರ ತೊಗರಿ, ಹೆಸರು, ಕಡಲೆಗಳ ಬಳಗಕ್ಕೆ ಸೇರಿದ್ದು. ಆದರೆ ಗುಣದಲ್ಲಿ ಅದು ಬಾದಾಮಿ, ಗೋಡಂಬಿಗಳ ಸಾಲಿನಲ್ಲಿ ನಿಲ್ಲುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಪ್ರಕಟಿಸಿರುವ ಭಾರತೀಯ ಆಹಾರಗಳ ಕೋಷ್ಟಕಗಳ ಪ್ರಕಾರ 100 ಗ್ರಾಂ ಶೇಂಗಾಕಾಳಿನಲ್ಲಿ ಸುಮಾರು 24 ರಿಂದ 25 ಗ್ರಾಂ ಸಸಾರಜನಕ, ಸುಮಾರು 40 ಗ್ರಾಂ ಕೊಬ್ಬು, 520 ರಿಂದ 570 ಕ್ಯಾಲೊರಿ ಶಕ್ತಿ ಇರುತ್ತವೆ. ನಾರೂ ಸಾಕಷ್ಟಿದೆ.

ಬಾದಾಮಿ, ಗೋಡಂಬಿಗಳ ಸಸಾರಜನಕವು 100 ಗ್ರಾಂಗೆ 18 ರಿಂದ 21 ಗ್ರಾಂ. ಅಂದರೆ ಸಸಾರಜನಕದ ದೃಷ್ಟಿಯಿಂದ ನಮ್ಮ ಹೊಲದ ಶೇಂಗಾ ಅವೆರಡಕ್ಕೂ ಒಂದು ಕೈ ಮೇಲೆಯೇ ಇದೆ. ಬಾದಾಮಿಯಲ್ಲಿ ಕೊಬ್ಬು ಮತ್ತು ಸುಣ್ಣಾಂಶ ಹೆಚ್ಚು ಎಂಬುದು ನಿಜ. ಆದರೆ ಬೆಲೆಯು ಶೇಂಗಾದ ಹಲವು ಪಟ್ಟು. ಸುಣ್ಣಾಂಶವೇ ಬೇಕೆಂದಲ್ಲಿ ಎಳ್ಳು ಬಾದಾಮಿಗಿಂತ ಉತ್ತಮ. ಆದ್ದರಿಂದ ಬಾದಾಮಿ ಕೊಡಿಸಲಾಗಲಿಲ್ಲವೆಂದು ಯಾವ ಗಂಡನೂ ಕೊರಗಬೇಕಾದ ಕಾರಣವಿಲ್ಲ.

ಶೇಂಗಾದ ಮಹತ್ತ್ವವನ್ನು ನಮ್ಮ ನಾಡಿನ ವಿಜ್ಞಾನಿಗಳು ಬಹು ಹಿಂದೆಯೇ ಮನಗಂಡಿದ್ದರು. 1950 ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, ಎಣ್ಣೆ ತೆಗೆದ ಶೇಂಗಾಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಬೆರೆಸಿ, ಜೀವಸತ್ತ್ವ ಮತ್ತು ಸುಣ್ಣಾಂಶ ಸೇರಿಸಿ ವಿವಿಧೋದ್ದೇಶ ಆಹಾರವೊಂದನ್ನು ಸಿದ್ಧಪಡಿಸಲಾಯಿತು. ಶೇಂಗಾದ ಸಸಾರಜನಕವನ್ನು ಹಾಲಿಗೆ ಬೆರೆಸಿ ಹಾಲಿನ ಪ್ರಮಾಣವನ್ನು ಹೆಚ್ಚಿಸುವ 'ಮಿಲ್ಟೋನ್' ಎಂಬ ಪಾನೀಯವೂ ಅಲ್ಲಿಯೇ ರೂಪುಗೊಂಡಿತು. ಬಡ ಮಕ್ಕಳ ಅಪೌಷ್ಟಿಕತೆಯನ್ನು ಅಗ್ಗದ ಸ್ಥಳೀಯ ಬೆಳೆಯಿಂದಲೇ ನೀಗಿಸಬೇಕೆಂಬುದು ಈ ಪ್ರಯತ್ನಗಳ ಉದ್ದೇಶವಾಗಿತ್ತು.

ಜೋಳ ಉಣ್ಣುವ ನಮ್ಮ ಸೀಮೆಗೆ ಶೇಂಗಾದ ಇನ್ನೊಂದು ಉಪಕಾರವಿದೆ. ಜೋಳವೊಂದನ್ನೇ ನೆಚ್ಚಿಕೊಂಡಿದ್ದ ದಖ್ಖನ್ ಪ್ರಸ್ಥಭೂಮಿಯ ಬಡವರಲ್ಲಿ ಪೆಲ್ಲಾಗ್ರ ಎಂಬ ರೋಗವು ಕಾಣಿಸಿಕೊಳ್ಳುತ್ತಿದ್ದುದನ್ನು ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1960 ರ ಸುಮಾರಿಗೆ ಹೈದರಾಬಾದಿನಲ್ಲಿ ಅಭ್ಯಸಿಸಿದರು. ಬಿಸಿಲು ಬೀಳುವ ಕೊರಳು, ಕೈಕಾಲುಗಳ ಚರ್ಮ ಕಪ್ಪಾಗಿ ಬಿರಿಯುವುದು, ಭೇದಿಯಾಗುವುದು, ಮನಸ್ಸು ಮಂಕಾಗುವುದು ಇದರ ಲಕ್ಷಣಗಳು. ನಯಾಸಿನ್ ಎಂಬ 'ಬಿ' ಗುಂಪಿನ ಜೀವಸತ್ತ್ವದ ಕೊರತೆಯಿಂದ ಇದು ಬರುತ್ತದೆ. ಜೋಳ ಕೆಟ್ಟ ಧಾನ್ಯವೆಂದು ಇದರಿಂದ ತಿಳಿಯಬಾರದು. ಜೋಳದ ಜೊತೆಗೆ ಬೇರೇನನ್ನೂ ಉಣ್ಣದಿರುವುದೇ ಕೇಡಿಗೆ ಮೂಲ. ಶೇಂಗಾದಲ್ಲಿ ನಯಾಸಿನ್ ಸಮೃದ್ಧವಾಗಿದೆ. ರೊಟ್ಟಿಯ ಮಗ್ಗುಲಿಗೆ ಶೇಂಗಾ ಹಿಂಡಿಯನ್ನು ಇಡುವ ನಮ್ಮ ಹಿರಿಯರ ರೂಢಿಗೆ ವಿಜ್ಞಾನದ ಬೆಂಬಲವಿದೆ ಎಂಬುದನ್ನು ಇದರಿಂದ ತಿಳಿಯಬಹುದು.

ಆದರೆ ಶೇಂಗಾದಲ್ಲಿಯೂ ಕೊರತೆಗಳುಂಟು. ಅದರಲ್ಲಿ 'ಎ' ಮತ್ತು 'ಸಿ' ಜೀವಸತ್ತ್ವಗಳು ಇಲ್ಲವೆನ್ನಬಹುದು. ಅದರ ಸಸಾರಜನಕವೂ ಒಂಟಿಯಾಗಿ ಪರಿಪೂರ್ಣವಲ್ಲ. ಬೇಳೆ, ಹಾಲು ಅಥವಾ ಮೊಟ್ಟೆಯ ಜೊತೆ ಸೇರಿದಾಗ ಉತ್ತಮವಾಗುತ್ತದೆ.

4. ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಿದಾಗ

ತೂಕದ ಲೆಕ್ಕಕ್ಕಿಂತ ಮನೆಯ ಅಳತೆಯ ಲೆಕ್ಕ ಎಲ್ಲರಿಗೂ ಸುಲಭ. ಒಂದು ಹಿಡಿ ಶೇಂಗಾಕಾಳು ಎಂದರೆ ಸುಮಾರು 30 ಗ್ರಾಂ. ಒಂದು ಲೋಟ ರಸ ಎಂದರೆ ಸುಮಾರು 200 ಮಿಲಿಲೀಟರ್.

ಒಂದು ಹಿಡಿ ಶೇಂಗಾಕಾಳು: ಶಕ್ತಿ ಸುಮಾರು 160 ಕ್ಯಾಲೊರಿ; ಸಸಾರಜನಕ ಸುಮಾರು 7 ಗ್ರಾಂ; ಕೊಬ್ಬು ಸುಮಾರು 12 ಗ್ರಾಂ; ನಾರು ಸಾಕಷ್ಟು; 'ಎ' ಮತ್ತು 'ಸಿ' ಜೀವಸತ್ತ್ವ ಇಲ್ಲ.

ಒಂದು ಲೋಟ ಗಜ್ಜರಿ ರಸ: ಶಕ್ತಿ ಸುಮಾರು 80 ಕ್ಯಾಲೊರಿ, ಸಸಾರಜನಕ ಸುಮಾರು 2 ಗ್ರಾಂ, ಕೊಬ್ಬು ಇಲ್ಲವೆನ್ನುವಷ್ಟು, ನಾರು ಅತ್ಯಲ್ಪ, 'ಎ' ಜೀವಸತ್ತ್ವ ಹೇರಳ.

ಒಂದು ಲೋಟ ಟೊಮ್ಯಾಟೊ ರಸ: ಶಕ್ತಿ 35 ರಿಂದ 40 ಕ್ಯಾಲೊರಿ, ಸಸಾರಜನಕ 2 ಗ್ರಾಂಗಿಂತ ಕಡಿಮೆ, ಕೊಬ್ಬು ಇಲ್ಲವೆನ್ನುವಷ್ಟು, 'ಸಿ' ಜೀವಸತ್ತ್ವ ಉಂಟು.

ಗರ್ಭಿಣಿಗೆ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚಿನ ಶಕ್ತಿ ಬೇಕು. ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಸುಮಾರು 22 ಗ್ರಾಂ ಹೆಚ್ಚಿನ ಸಸಾರಜನಕ ಬೇಕು. ಮೊದಲ ಆರು ತಿಂಗಳು ಹಾಲೂಡಿಸುವ ಬಾಣಂತಿಗೆ ಇನ್ನೂ ಹೆಚ್ಚು, ಅಂದರೆ ಸುಮಾರು 600 ಕ್ಯಾಲೊರಿ ಅಧಿಕ ಶಕ್ತಿ ಬೇಕು. ಗರ್ಭಿಣಿಯ 350 ಕ್ಯಾಲೊರಿಯನ್ನು ಗಜ್ಜರಿ ರಸದಿಂದಲೇ ಪಡೆಯಬೇಕಾದರೆ ಆಕೆಯು ನಾಲ್ಕು ಲೋಟಕ್ಕೂ ಹೆಚ್ಚು ರಸವನ್ನು ಕುಡಿಯಬೇಕು. ಅದಕ್ಕೆ ದಿನವೂ ಎರಡು ಕಿಲೋ ಗಜ್ಜರಿ ಬೇಕು. ಇದು ಆಗುವ ಮಾತಲ್ಲ. ಅದರ ಬದಲಾಗಿ ಒಂದು ಜೋಳದ ರೊಟ್ಟಿಯನ್ನು ಹೆಚ್ಚಾಗಿ ಉಂಡು, ಒಂದು ಹಿಡಿ ಶೇಂಗಾ ತಿಂದರೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ ದೊರೆಯುತ್ತದೆ. ಆ ಶೇಂಗಾದ ಜೊತೆಗೆ ಒಂದು ಬಟ್ಟಲು ಬೇಳೆ, ಒಂದು ಲೋಟ ಹಾಲು, ಒಂದು ಮೊಟ್ಟೆ ಸೇರಿದರೆ ಹೆಚ್ಚಿನ ಸಸಾರಜನಕವೂ ತುಂಬಿಬರುತ್ತದೆ.

ಹೀಗೆ ಶಕ್ತಿಗೆ ಮತ್ತು ಮೈ ಬೆಳೆಯುವುದಕ್ಕೆ ಶೇಂಗಾ, ರೋಗರಕ್ಷಣೆಗೆ ತರಕಾರಿ. ಇವೆರಡರಲ್ಲಿ ಯಾವುದು ಮೇಲು ಎಂದು ಕೇಳುವುದಕ್ಕಿಂತ, ಎರಡನ್ನೂ ಒಂದೇ ತಾಟಿನಲ್ಲಿ ಹೇಗೆ ತರಬಹುದೆಂದು ಯೋಚಿಸುವುದು ಲೇಸು.

5. ಕೆಂಪು ರಸದಿಂದ ರಕ್ತ ಹೆಚ್ಚುವುದೇ?

ಬೀಟ್‌ರೂಟಿನ ರಸ ರಕ್ತದಂತೆ ಕೆಂಪಾಗಿರುವುದರಿಂದ ಅದನ್ನು ಕುಡಿದರೆ ರಕ್ತ ಹೆಚ್ಚುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ರಕ್ತದ ಕೆಂಪಿಗೆ ಕಾರಣವಾದ ಹಿಮೋಗ್ಲೋಬಿನ್ ಎಂಬ ವಸ್ತುವಿಗೆ ಕಬ್ಬಿಣಾಂಶ ಬೇಕು. ಬೀಟ್‌ರೂಟಿನ ಬಣ್ಣವೇ ಬೇರೆ, ಕಬ್ಬಿಣಾಂಶವೇ ಬೇರೆ. 100 ಗ್ರಾಂ ಬೀಟ್‌ರೂಟಿನಲ್ಲಿರುವ ಕಬ್ಬಿಣಾಂಶವು ಸುಮಾರು 1 ಮಿಲಿಗ್ರಾಂ ಮಾತ್ರ. ಅರ್ಧ ಕಿಲೋ ಬೀಟ್‌ರೂಟನ್ನು ಅರೆದು ಅದರಲ್ಲಿರುವುದೆಲ್ಲವೂ ರಸಕ್ಕೆ ಬಂದಿತೆಂದು ಭಾವಿಸಿದರೂ 5 ಮಿಲಿಗ್ರಾಂ ದಾಟಲಾರದು. ಒಂದು ಹಿಡಿ ಶೇಂಗಾದಲ್ಲಿ ಸಹ ಸುಮಾರು 1 ಮಿಲಿಗ್ರಾಂ ಮಾತ್ರ ಉಂಟು. ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ ಒಂದು ಕಬ್ಬಿಣದ ಗುಳಿಗೆಯಲ್ಲಾದರೋ 60 ಮಿಲಿಗ್ರಾಂ ಕಬ್ಬಿಣಾಂಶವಿರುತ್ತದೆ.

ಈ ವಿಷಯವನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇಕಡಾ 45.7 ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5 ರಷ್ಟು ಮಕ್ಕಳು ರಕ್ತಹೀನರಾಗಿದ್ದರು. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. 7 ಗ್ರಾಂಗಿಂತ ಕಡಿಮೆಯಾದರೆ ಅದು ತೀವ್ರ ಸ್ವರೂಪದ್ದು, ಕೂಡಲೇ ಆಸ್ಪತ್ರೆಯ ಚಿಕಿತ್ಸೆ ಬೇಕು. ಹೆರಿಗೆಯ ಸಮಯದಲ್ಲಿ ಆರೋಗ್ಯವಂತ ತಾಯಿಯು ತಡೆದುಕೊಳ್ಳಬಲ್ಲ ರಕ್ತಸ್ರಾವವನ್ನು ರಕ್ತಹೀನಳಾದ ತಾಯಿ ತಡೆದುಕೊಳ್ಳಲಾರಳು. ಕೆಂಪು ರಸವನ್ನು ನಂಬಿ ಗುಳಿಗೆಯನ್ನು ಗೂಡಿನಲ್ಲಿಯೇ ಇಟ್ಟ ಮನೆಯಲ್ಲಿ ತಾಯಿಯ ಪ್ರಾಣಕ್ಕೇ ಸಂಚಕಾರ ಬರಬಹುದು.

ಆದುದರಿಂದ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರವೂ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯನ್ನು ತಪ್ಪದೆ ನುಂಗಬೇಕು. ರಕ್ತಹೀನತೆ ಇರುವವರಿಗೆ ವೈದ್ಯರು ಪ್ರಮಾಣವನ್ನು ಹೆಚ್ಚಿಸುತ್ತಾರೆ. ಗುಳಿಗೆಯಿಂದ ಮಲ ಕಪ್ಪಾಗುವುದು ಸಹಜ; ಅಂಜಬೇಕಾಗಿಲ್ಲ. ವಾಕರಿಕೆ ಬಂದರೆ ರಾತ್ರಿ ಊಟದ ನಂತರ ನುಂಗಬಹುದು. ಗುಳಿಗೆಯ ಜೊತೆಗೂ ಊಟದ ಜೊತೆಗೂ ಚಹಾ, ಕಾಫಿ ಕುಡಿಯಬಾರದು. ಅವು ಕಬ್ಬಿಣಾಂಶವು ದೇಹಕ್ಕೆ ಸೇರದಂತೆ ತಡೆಯುತ್ತವೆ. ಒಂದು ಗಂಟೆಯಾದರೂ ಅಂತರವಿರಲಿ. ಜಂತುಹುಳುವಿನಿಂದಲೂ ರಕ್ತ ನಷ್ಟವಾಗುವುದರಿಂದ, ಗರ್ಭಿಣಿಯು ಮೂರು ತಿಂಗಳು ಕಳೆದ ಮೇಲೆ ವೈದ್ಯರ ಸಲಹೆಯಂತೆ ಜಂತುನಾಶಕ ಗುಳಿಗೆಯನ್ನು ಸೇವಿಸಬೇಕು.

6. ನಮ್ಮ ತಾಟಿನಲ್ಲಿಯೇ ಎರಡರ ಕೂಟ

ಸೊಪ್ಪು-ತರಕಾರಿಗಳಲ್ಲಿರುವ ಕ್ಯಾರೊಟೀನ್ ದೇಹಕ್ಕೆ ಹತ್ತಬೇಕಾದರೆ ಊಟದಲ್ಲಿ ಸ್ವಲ್ಪ ಕೊಬ್ಬಿನ ಅಂಶ ಇರಬೇಕು. ಬರೀ ಗಜ್ಜರಿ ರಸವನ್ನು ಖಾಲಿ ಹೊಟ್ಟೆಯಲ್ಲಿ ಕುಡಿದಾಗ ಅದರ ಬಹಳಷ್ಟು ಸತ್ತ್ವ ವ್ಯರ್ಥವಾಗುತ್ತದೆ. ಅದೇ ಗಜ್ಜರಿಯನ್ನು ಅಥವಾ ತಪ್ಪಲ ಪಲ್ಯವನ್ನು ಶೇಂಗಾ ಪುಡಿಯೊಡನೆ ಉಂಡಾಗ, ಶೇಂಗಾದ ಎಣ್ಣೆಯು ಅದನ್ನು ದೇಹಕ್ಕೆ ಸೇರಿಸುತ್ತದೆ. ಶೇಂಗಾ ಮತ್ತು ಕಾಳುಗಳಲ್ಲಿರುವ ಕಬ್ಬಿಣಾಂಶವು ಸುಲಭವಾಗಿ ಹೀರಲ್ಪಡುವುದಿಲ್ಲ. ಅದಕ್ಕೆ ನಿಂಬೆಯ ಹುಳಿ ನೆರವಾಗುತ್ತದೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ನಮ್ಮ ಸೀಮೆಯ ಊಟದಲ್ಲಿ ಈ ಕೂಟ ಮೊದಲಿನಿಂದಲೂ ಇದೆ: ಜೋಳದ ರೊಟ್ಟಿ, ಪುಂಡಿ ಪಲ್ಯ ಅಥವಾ ಮೆಂತೆ ಪಲ್ಯ, ತೊಗರಿ ಇಲ್ಲವೇ ಹೆಸರು ಬೇಳೆ, ಶೇಂಗಾ ಹಿಂಡಿ ಅಥವಾ ಗುರೆಳ್ಳು ಹಿಂಡಿ, ಹಸಿಯಾಗಿ ತಿನ್ನುವ ಹಕ್ಕರಿಕಿ, ಸೌತೆಕಾಯಿ, ಉಳ್ಳಾಗಡ್ಡಿ, ಮೇಲೆ ಒಂದು ಹೋಳು ನಿಂಬೆ, ಒಂದು ಬಟ್ಟಲು ಮಜ್ಜಿಗೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭಾಗದಲ್ಲಿ ಭತ್ತದ ಬೆಳೆ ವಿಸ್ತರಿಸಿದೆ. ಅನ್ನ ಉಣ್ಣುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅನ್ನ ಮತ್ತು ತಿಳಿಸಾರಿನಲ್ಲಿಯೇ ಊಟ ಮುಗಿದುಹೋಗಿ ಪಲ್ಯ, ಹಿಂಡಿ, ಕಾಳುಗಳು ತಾಟಿನಿಂದ ಮರೆಯಾಗಬಾರದು.

100 ಗ್ರಾಂ ರಾಜಗಿರಿ ಸೊಪ್ಪಿನಲ್ಲಿ 3 ರಿಂದ 4 ಗ್ರಾಂ ಸಸಾರಜನಕವೂ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವೂ ಉಂಟು. ನುಗ್ಗೆ ಸೊಪ್ಪು ಇದಕ್ಕಿಂತಲೂ ಸತ್ತ್ವಯುತ. ಬಚ್ಚಲ ನೀರು ಹರಿಯುವ ಹಿತ್ತಿಲಲ್ಲಿ ಒಂದು ನುಗ್ಗೆ ಗಿಡ, ಒಂದು ನಿಂಬೆ ಗಿಡ ಹಚ್ಚಿದರೆ ಸಂತೆಯ ಖರ್ಚೂ ಉಳಿಯುತ್ತದೆ. ಸೊಪ್ಪನ್ನು ಮೊದಲು ಚೆನ್ನಾಗಿ ತೊಳೆದು, ಆಮೇಲೆ ಹೆಚ್ಚಬೇಕು. ಮುಚ್ಚಳ ಮುಚ್ಚಿ, ಕಡಿಮೆ ನೀರಿನಲ್ಲಿ, ಸ್ವಲ್ಪ ಹೊತ್ತು ಮಾತ್ರ ಬೇಯಿಸಬೇಕು. ಬೆಂದ ನೀರನ್ನು ಚೆಲ್ಲಬಾರದು. ನಿಂಬೆಯ ರಸವನ್ನು ಪಾತ್ರೆ ಒಲೆಯಿಂದ ಇಳಿಸಿದ ನಂತರವೇ ಹಿಂಡಬೇಕು. ಬೆಂಕಿಯ ಶಾಖಕ್ಕೆ 'ಸಿ' ಜೀವಸತ್ತ್ವ ನಾಶವಾಗುತ್ತದೆ.

ರಸ ಕುಡಿಯುವ ಆಸೆಯಿದ್ದವರು ಕುಡಿಯಬಹುದು. ಬಸುರಿನ ಮೊದಲ ತಿಂಗಳುಗಳಲ್ಲಿ ವಾಂತಿಯಿಂದ ಗಟ್ಟಿ ಆಹಾರ ಸೇರದವರಿಗೂ, ಜ್ವರದಿಂದ ಬಾಯಿ ಕೆಟ್ಟವರಿಗೂ ಅದು ಹಿತವೇ. ಆದರೆ ತರಕಾರಿಯನ್ನು ಶುದ್ಧ ನೀರಿನಲ್ಲಿ ತೊಳೆದು, ಸೋಸದೆ, ಸಕ್ಕರೆ ಬೆರೆಸದೆ, ಮಾಡಿದ ಕೂಡಲೇ ಕುಡಿಯಬೇಕು. ಅದು ಊಟದ ಜೊತೆಗೆ ಇರಲಿ, ಊಟದ ಬದಲಿಗೆ ಬೇಡ.

7. ಕೂಸಿನ ಆಹಾರ

ಹುಟ್ಟಿದಾಗಿನಿಂದ ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲೊಂದೇ ಸಾಕು. ಯಾವ ರಸವೂ, ನೀರೂ ಬೇಡ. ಆರು ತಿಂಗಳಾದ ಮೇಲೆ ತಾಯಿಯ ಹಾಲಿನ ಜೊತೆಗೆ ಮೆತ್ತನೆಯ ಆಹಾರವನ್ನು ಆರಂಭಿಸಬೇಕು. ಕೂಸಿನ ಹೊಟ್ಟೆ ಚಿಕ್ಕದು. ಅದನ್ನು ನೀರಾದ ರಸದಿಂದ ತುಂಬಿಸಿದರೆ ಗಟ್ಟಿ ಆಹಾರಕ್ಕೆ ಸ್ಥಳವೇ ಉಳಿಯುವುದಿಲ್ಲ. ಕೂಸು ತೂಕ ಏರದೆ ಸೊರಗುತ್ತದೆ. ಆದಕಾರಣ ಒಂದು ವರ್ಷದೊಳಗಿನ ಕೂಸಿಗೆ ರಸ ಕೊಡದಿರುವುದೇ ಒಳ್ಳೆಯದು. ಗಜ್ಜರಿ, ಕುಂಬಳ, ಸೊಪ್ಪುಗಳನ್ನು ಬೇಯಿಸಿ ಕಿವುಚಿ, ಬೇಳೆ-ಅನ್ನಕ್ಕೆ ಬೆರೆಸಿ ಉಣಿಸಬಹುದು.

ಶೇಂಗಾವನ್ನು ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿ ಒಂದು ಚಮಚದಷ್ಟನ್ನು ಗಂಜಿಗೋ ಅನ್ನಕ್ಕೋ ಕಲಸಿ ಕೊಡಬೇಕು. ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಶೇಂಗಾಕಾಳನ್ನು ಎಂದಿಗೂ ಕೊಡಬಾರದು. ನಗುವಾಗ, ಅಳುವಾಗ, ಓಡುವಾಗ ಕಾಳು ಶ್ವಾಸನಾಳಕ್ಕೆ ಇಳಿದರೆ ಕ್ಷಣಾರ್ಧದಲ್ಲಿ ಉಸಿರು ಕಟ್ಟುತ್ತದೆ. ಶೇಂಗಾ ಸುಲಿಯುವ ದಿನಗಳಲ್ಲಿ ಅಂಗಳದಲ್ಲಿ ಆಡುವ ಕೂಸುಗಳ ಮೇಲೆ ಕಣ್ಣಿರಲಿ.

8. ಎಚ್ಚರಿಕೆಗಳು

(ಅ) ಬೂಷ್ಟು ಹಿಡಿದ ಶೇಂಗಾ ವಿಷಕ್ಕೆ ಸಮಾನ. 1960 ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಸತ್ತವು. ಆ ಬೂಷ್ಟಿನಲ್ಲಿ ಯಕೃತ್ತನ್ನು ಕೆಡಿಸುವ ಅಫ್ಲಾಟಾಕ್ಸಿನ್ ಎಂಬ ವಿಷವಿದ್ದುದು ಆಗ ಪತ್ತೆಯಾಯಿತು. ನಮ್ಮ ದೇಶದಲ್ಲಿಯೂ 1974 ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಕೆಲವು ಗ್ರಾಮಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡು ಜನರು ಇದೇ ವಿಷದಿಂದ ಸತ್ತರು. ಹುರಿದರೂ ಬೇಯಿಸಿದರೂ ಈ ವಿಷ ಪೂರ್ಣವಾಗಿ ಹೋಗುವುದಿಲ್ಲ. ಕಾಯಿಯನ್ನು ಅಲುಗಾಡಿಸಿದಾಗ ಕಾಳು ಗಲಗಲ ಎನ್ನುವಷ್ಟು ಬಿಸಿಲಿಗೆ ಒಣಗಿಸಿ, ನೆಲದ ತೇವ ತಾಗದಂತೆ ಎತ್ತರದಲ್ಲಿಡಬೇಕು. ಮುರುಟಿದ, ಬಣ್ಣಗೆಟ್ಟ, ಕಹಿಯಾದ ಕಾಳನ್ನು ಆರಿಸಿ ಎಸೆಯಬೇಕು; ದನಕ್ಕೂ ಹಾಕಬಾರದು.

(ಆ) ಸೋರೆಕಾಯಿಯ ರಸ ಕಹಿಯಾಗಿದ್ದರೆ ಒಂದು ಗುಟುಕೂ ಕುಡಿಯಬಾರದು. ಕಹಿ ರಸ ಕುಡಿದು ರಕ್ತವಾಂತಿಯಾಗಿ ಮರಣ ಸಂಭವಿಸಿದ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾದ ನಂತರ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯು ಇದನ್ನು ಪರಿಶೀಲಿಸಿ ಎಚ್ಚರಿಕೆ ನೀಡಿತು.

(ಇ) ಮೂತ್ರಪಿಂಡದಲ್ಲಿ ಕಲ್ಲು ಇರುವವರು ಹಸಿ ಪಾಲಕ್ ಸೊಪ್ಪಿನ ರಸವನ್ನು ಕುಡಿಯಬಾರದು. ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ರಸವಾಗಲಿ ಶೇಂಗಾವಾಗಲಿ ವೈದ್ಯರ ಸಲಹೆಯಂತೆಯೇ ಸೇವಿಸಬೇಕು.

(ಈ) ಶೇಂಗಾ ತಿಂದೊಡನೆ ಮೈಮೇಲೆ ದದ್ದು, ತುಟಿಯ ಊತ, ಉಸಿರಾಟದ ತೊಂದರೆ ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು. ಅಂಥವರು ಮುಂದೆ ಶೇಂಗಾವನ್ನು ವರ್ಜಿಸಬೇಕು.

9. ಬೆಳೆದ ಶೇಂಗಾದಲ್ಲಿ ಮನೆಯ ಪಾಲು

ಶೇಂಗಾ ಬೆಳೆಯುವ ಎಷ್ಟೋ ಮನೆಗಳಲ್ಲಿ ರಾಶಿಯಾದ ಮರುದಿನವೇ ಚೀಲಗಳೆಲ್ಲ ಮಾರುಕಟ್ಟೆಗೆ ಹೋಗುತ್ತವೆ. ಸಾಲ ತೀರಿಸಬೇಕು, ಗೊಬ್ಬರದ ಬಾಕಿ ಕೊಡಬೇಕು ಎಂಬ ಒತ್ತಡ ಇರುವುದು ಸುಳ್ಳಲ್ಲ. ಆದರೆ ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಿರಿ. ಗರ್ಭಿಣಿಗೆ ದಿನಕ್ಕೆ ಒಂದು ಹಿಡಿಯಂತೆ ಒಂಬತ್ತು ತಿಂಗಳಿಗೆ ಬೇಕಾಗುವ ಕಾಳು ಸುಮಾರು 8 ಕಿಲೋ. ಸಿಪ್ಪೆಸಹಿತ ಕಾಯಿಯಾದರೆ ಸುಮಾರು 12 ಕಿಲೋ. ಹಾಲೂಡಿಸುವ ಮೊದಲ ಆರು ತಿಂಗಳನ್ನೂ ಸೇರಿಸಿದರೆ ಸುಮಾರು 20 ಕಿಲೋ ಕಾಯಿ. ಇಡೀ ರಾಶಿಯಲ್ಲಿ ಇಷ್ಟನ್ನು ತಾಯಿ-ಕೂಸಿನ ಪಾಲೆಂದು ಮೊದಲೇ ತೆಗೆದಿಟ್ಟರೆ ಬಾದಾಮಿಯ ಚಿಂತೆಯೂ, ಶೀಸೆಯ ಟಾನಿಕ್ಕಿನ ಖರ್ಚೂ ಇಲ್ಲ. ಬಿತ್ತನೆಗೆ ಬೀಜವನ್ನು ಕಾದಿರಿಸುವ ರೈತನಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ.

ಹೊಲವಿಲ್ಲದ ಕೂಲಿಕಾರ ದಂಪತಿಗಳು ಅಂಗನವಾಡಿಯಲ್ಲಿ ತಪ್ಪದೆ ಹೆಸರು ನೋಂದಾಯಿಸಬೇಕು. 2017 ರ ಅಕ್ಟೋಬರ್ 2 ರಂದು ರಾಜ್ಯಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ-ಬಾಣಂತಿಯರ ಬಿಸಿಯೂಟದ ಜೊತೆಗೆ ಹಾಲು, ಮೊಟ್ಟೆ ಹಾಗೂ ಶೇಂಗಾ ಚಿಕ್ಕಿಯನ್ನು ಸೇರಿಸಿದ್ದು ಇದೇ ಪೋಷಣೆಯ ತತ್ತ್ವದಿಂದ.

ಇನ್ನೊಂದು ಮುಖ್ಯ ಮಾತು ಗಂಡಂದಿರಿಗೆ. ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ಹೆಂಗಸರು ಉಣ್ಣುವ ಪದ್ಧತಿ ಅನೇಕ ಮನೆಗಳಲ್ಲಿದೆ. ಆ ಹೊತ್ತಿಗೆ ಪಲ್ಯ ತೀರಿರುತ್ತದೆ, ಬೇಳೆ ನೀರಾಗಿರುತ್ತದೆ. ಗರ್ಭಿಣಿಯಾದ ಹೆಂಡತಿಯನ್ನು ತನ್ನ ಜೊತೆಗೇ ಊಟಕ್ಕೆ ಕೂಡ್ರಿಸಿಕೊಳ್ಳುವ ಗಂಡನು ಯಾವ ಔಷಧಿಗೂ ಕಡಿಮೆಯಲ್ಲದ ಉಪಕಾರವನ್ನು ಮಾಡಿದಂತಾಗುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

10. ಹೆರಿಗೆಗಳ ನಡುವಣ ಅಂತರ

ಒಂದು ಬಸುರು, ಒಂದು ಬಾಣಂತನ ಮುಗಿಯುವಷ್ಟರಲ್ಲಿ ತಾಯಿಯ ಮೈಯಲ್ಲಿದ್ದ ಕಬ್ಬಿಣಾಂಶದ ಸಂಗ್ರಹ ಬರಿದಾಗಿರುತ್ತದೆ. ಅದು ಮತ್ತೆ ತುಂಬಲು ಕಾಲ ಬೇಕು. ಒಂದು ಬೆಳೆ ತೆಗೆದ ಹೊಲಕ್ಕೆ ಗೊಬ್ಬರ ಹಾಕಿ ವಿಶ್ರಾಂತಿ ಕೊಡುವ ರೈತನು ತನ್ನ ಹೆಂಡತಿಯ ದೇಹಕ್ಕೂ ಅಷ್ಟು ವಿಶ್ರಾಂತಿಯನ್ನು ಕೊಡಬೇಡವೇ? ಹೆರಿಗೆಯಾದ ನಂತರ ಕನಿಷ್ಠ ಎರಡು ವರ್ಷ ಕಳೆಯುವವರೆಗೆ ಮುಂದಿನ ಗರ್ಭಧಾರಣೆಯನ್ನು ಮುಂದೂಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವರ್ಷಕ್ಕೊಂದು ಬಸುರಾದರೆ ಎಷ್ಟು ಶೇಂಗಾ ತಿನ್ನಿಸಿದರೂ, ಎಷ್ಟು ರಸ ಕುಡಿಸಿದರೂ ತಾಯಿ ಚೇತರಿಸಿಕೊಳ್ಳಲಾರಳು. ನಿರೋಧ್, ವಂಕಿ, ನುಂಗುವ ಗುಳಿಗೆ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ 'ಅಂತರಾ' ಚುಚ್ಚುಮದ್ದು ಮೊದಲಾದ ತಾತ್ಕಾಲಿಕ ವಿಧಾನಗಳಲ್ಲಿ ತಮಗೆ ಹೊಂದುವುದನ್ನು ದಂಪತಿಗಳಿಬ್ಬರೂ ಕೂಡಿ ವಿಚಾರಿಸಿ, ಆರೋಗ್ಯ ಸಿಬ್ಬಂದಿಯ ಸಲಹೆ ಪಡೆದು ಆರಿಸಿಕೊಳ್ಳಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಶೇಂಗಾ ಶಕ್ತಿಯನ್ನೂ ಸಸಾರಜನಕವನ್ನೂ ಕೊಡುತ್ತದೆ. ತರಕಾರಿ ಜೀವಸತ್ತ್ವಗಳನ್ನು ಕೊಡುತ್ತದೆ. ಎರಡೂ ಬೇಕು.
2. ಸೋಸಿದ ರಸಕ್ಕಿಂತ ಇಡೀ ತರಕಾರಿ ಮತ್ತು ಸೊಪ್ಪು ಉತ್ತಮ, ಖರ್ಚೂ ಕಡಿಮೆ.
3. ಬಾದಾಮಿ, ಗೋಡಂಬಿ ಇಲ್ಲದಿದ್ದರೂ ದಿನಕ್ಕೊಂದು ಹಿಡಿ ಒಳ್ಳೆಯ ಶೇಂಗಾ ಸಾಕು.
4. ರಕ್ತಹೀನತೆಗೆ ಕಬ್ಬಿಣದ ಗುಳಿಗೆಯೇ ಮದ್ದು. ಕೆಂಪು ರಸ ಅದಕ್ಕೆ ಬದಲಿಯಲ್ಲ.
5. ಬೂಷ್ಟು ಹಿಡಿದ ಶೇಂಗಾ ಮತ್ತು ಕಹಿ ಸೋರೆಕಾಯಿ ರಸ ಅಪಾಯಕರ.
6. ಚಿಕ್ಕ ಮಕ್ಕಳಿಗೆ ಶೇಂಗಾ ಪುಡಿಯನ್ನು ಮಾತ್ರ ಕೊಡಬೇಕು. ಇಡೀ ಕಾಳು ಬೇಡ.

ದಂಪತಿಗಳು ಪರಸ್ಪರ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಈ ವಾರ ನಮ್ಮ ಮನೆಯಲ್ಲಿ ಎಷ್ಟು ದಿನ ತಪ್ಪಲ ಪಲ್ಯ ಮಾಡಿದೆವು?
2. ಈ ಸಲದ ರಾಶಿಯಲ್ಲಿ ಮನೆಗೆಂದು ಎಷ್ಟು ಶೇಂಗಾ ತೆಗೆದಿಟ್ಟಿದ್ದೇವೆ? ಅದು ಚೆನ್ನಾಗಿ ಒಣಗಿದೆಯೇ?
3. ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಗುಳಿಗೆಗಳಲ್ಲಿ ಎಷ್ಟು ಉಳಿದಿವೆ? ಉಳಿದಿದ್ದರೆ ಏಕೆ?
4. ಕಳೆದ ಬಾರಿ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ ಎಷ್ಟಿತ್ತು? ಮುಂದಿನ ಪರೀಕ್ಷೆ ಯಾವ ದಿನ?

ನಾಲ್ಕನೆಯ ಪ್ರಶ್ನೆಗೆ ಉತ್ತರ ತಿಳಿಯದ ದಂಪತಿಗಳು ತಾಯಿ ಕಾರ್ಡನ್ನು ತೆಗೆದುಕೊಂಡು, ಪ್ರತಿ ತಿಂಗಳ 9 ನೆಯ ತಾರೀಖಿನಂದು ಗರ್ಭಿಣಿಯರಿಗಾಗಿ ನಡೆಯುವ ಉಚಿತ ತಪಾಸಣೆಗೆ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಕೂಡಿ ಬರಬೇಕು.